ವ್ಯಾನಿನಿಂದ ಇಳಿಸುವವರು

ಕೇಳುಗರಿಗೆ ನಮಸ್ಕಾರ. ಬೀಟಲ್ಸ್ ತಂಡದಲ್ಲಿ ಹಾಡಿದವರು ನಾಲ್ವರು. ಅವರ ಸಾಮಾನು ಹೊತ್ತವರು ಇಬ್ಬರು: ನೀಲ್ ಆಸ್ಪಿನಾಲ್, ಮಾಲ್ ಇವಾನ್ಸ್. ರಾಕ್ ಲೋಕದಲ್ಲಿ ಇವರಿಗೆ ರೋಡಿ ಅನ್ನುತ್ತಾರೆ. ನಮ್ಮ ನಾಟಕ ಕಂಪನಿಗಳಲ್ಲಿ ಪರದೆ, ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವರ ಕೆಲಸವೇ. ಮೇಲೆ ಕರೆಂಟಿನ ಕಾಟ ಬೇರೆ.

ಮಾಲ್ ಲಿವರ್‌ಪೂಲ್‌ನಲ್ಲಿ ಟೆಲಿಫೋನ್ ಎಂಜಿನಿಯರ್ ಆಗಿದ್ದವರು. ಆರಡಿ ಮೀರಿದ ಆಳು. 1963ರ ಜನವರಿಯ ಚಳಿಯಲ್ಲಿ ಲಂಡನ್ನಿನಿಂದ ಮರಳುವಾಗ ವ್ಯಾನಿನ ಮುಂದಿನ ಗಾಜು ಒಡೆಯಿತು. ಉಳಿದ ಚೂರನ್ನು ಗುದ್ದಿ ಕೆಡವಿ, ಗಾಳಿಗೆ ಮುಖವೊಡ್ಡಿಕೊಂಡೇ ಊರು ಮುಟ್ಟಿಸಿದರು. ಆದರೆ ಡ್ರಮ್ ಜೋಡಿಸಲು ಬರುತ್ತಿರಲಿಲ್ಲ!

ಅದೇನು ಅಷ್ಟು ಕಷ್ಟವೇ? ತಂಡದ ಡ್ರಮ್ ವಾದಕ ರಿಂಗೋ ಅವರ ಮೊದಲ ಲಡ್‌ವಿಗ್ ಸೆಟ್ಟಿನ ಬೇಸ್ ಡ್ರಮ್ 20 ಇಂಚು. ಪೆಡಲ್ ಒದ್ದಾಗಲೆಲ್ಲ ಕೂದಲೆಳೆಯಷ್ಟು ಮುಂದೆ ಜಾರುತ್ತದೆ. ನಾಲ್ಕು ಹಾಡು ಮುಗಿಯುವಷ್ಟರಲ್ಲಿ ಕಾಲಿಗೆ ಎಟುಕುವುದಿಲ್ಲ. ಅದಕ್ಕೇ ಮೊದಲು ಜಮಖಾನ ಹಾಸಬೇಕು. ಡ್ರಮ್ಮಿನ ಚೂಪು ಕಾಲು ಅದನ್ನು ಕಚ್ಚಿರಬೇಕು. ಸ್ಟೂಲೂ ಅದರ ಮೇಲೇ ಇರಬೇಕು, ಕೂತವನ ಭಾರವೇ ಜಮಖಾನವನ್ನು ಹಿಡಿದಿಡುತ್ತದೆ.

ಇನ್ನು ವಾಕ್ಸ್ ಎಸಿ30 ಆಂಪ್ಲಿಫೈಯರ್. 30 ವ್ಯಾಟ್, ತೂಕವೂ 30 ಕೆ.ಜಿ. ದಾಟುತ್ತದೆ. ಒಳಗೆ ದನಿ ಏರಿಸಲು ನಾಲ್ಕು ಇಎಲ್84 ವಾಲ್ವ್, ಅಂದರೆ ಗಾಜಿನ ಕೊಳವೆ. ಮನೆಯಲ್ಲಿ ವಾಲ್ವ್ ರೇಡಿಯೊ ಇದ್ದವರಿಗೆ ಇದರ ಜಾತಕ ಗೊತ್ತು: ಕುಲುಕಿದರೆ ವಾಲ್ವ್ ಸಡಿಲ, ಆಮೇಲೆ ಚರಚರ ಸದ್ದು. ಇದರಲ್ಲಿ ವೋಲ್ಟೇಜ್ ಬದಲಿಸುವ ಗುಂಡಿಯಿದೆ. ಇಂಗ್ಲೆಂಡಿನದು 240, ಅಮೆರಿಕದ್ದು ಅದರ ಅರ್ಧ. ಅಲ್ಲಿಗೆ ಹೋದಾಗ ತಿರುಗಿಸಲು ಮರೆತರೆ ದನಿ ಸೊರಗುತ್ತದೆ. ಊರಿಗೆ ಬಂದು ಮರೆತರೆ ಫ್ಯೂಸ್ ಹೋಗುತ್ತದೆ. ಅದೊಂದೇ ಹೋದರೆ ಪುಣ್ಯ.

ಗಿಟಾರಿನದು ಬೇರೆಯೇ ತಕರಾರು. ತಣ್ಣನೆಯ ವ್ಯಾನಿನಿಂದ ಬಿಸಿ ದೀಪಗಳ ಕೆಳಗೆ ತಂದರೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಪೆಟ್ಟಿಗೆ ತೆರೆದು ಅರ್ಧ ಗಂಟೆ ಬಿಟ್ಟು, ಆಮೇಲೆ ಶ್ರುತಿ ಮಾಡಬೇಕು. ತಂಬೂರಿ ಹಿಡಿದವರಿಗೆ ಇದನ್ನು ಹೇಳಬೇಕಿಲ್ಲ.

1966ರ ಆಗಸ್ಟ್‌ನಲ್ಲಿ ತಂಡ ತಿರುಗಾಟ ನಿಲ್ಲಿಸಿತು. ಮಾಲ್ ಮಾತ್ರ ಜೊತೆಗೇ ಉಳಿದರು. 1967ರಲ್ಲಿ ‘ಎ ಡೇ ಇನ್ ದ ಲೈಫ್’ ಧ್ವನಿಮುದ್ರಣದ ವೇಳೆ ನಡುವೆ 24 ಬಾರ್‌ನಷ್ಟು (ನಮ್ಮ ತಾಳದ ಆವರ್ತದಂಥದ್ದು) ಜಾಗ ಖಾಲಿಯಿತ್ತು; ಏನು ತುಂಬಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಲೆಕ್ಕ ತಪ್ಪದಿರಲೆಂದು ಮಾಲ್ ಗಟ್ಟಿಯಾಗಿ ಎಣಿಸಿದರು, ಕೊನೆಗೆ ಅಲಾರಂ ಬಾರಿಸಿದರು. ಆ ಗಂಟೆ ಹಾಡಿನಲ್ಲೇ ಉಳಿಯಿತು. ವಾದ್ಯವೃಂದ ಏರುತ್ತಿರುವಾಗ ಕಿವಿಗೊಟ್ಟು ಕೇಳಿ, ಅಡಿಯಲ್ಲಿ ಯಾರೋ ಎಣಿಸುತ್ತಿರುತ್ತಾರೆ.