ಬಿಸಿಲ ಕರಾವಳಿಯಲ್ಲಿ ನೆರಳಿನ ಬಣ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರಕಾರನೊಬ್ಬ ಪೆಟ್ಟಿಗೆ ಕಟ್ಟಿಕೊಂಡು ಸಮುದ್ರ ತೀರಕ್ಕೆ ಹೊರಟ ಅಂದರೆ ನಾವು ಏನು ಅಂದುಕೊಳ್ಳುತ್ತೇವೆ? ಅಲೆ ಬರೆಯುತ್ತಾನೆ, ದೋಣಿ ಬರೆಯುತ್ತಾನೆ, ಸಂಜೆಯ ಸೂರ್ಯನನ್ನು ಬರೆಯುತ್ತಾನೆ ಅಂತ, ಅಲ್ವಾ? ಬರೆದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮೆಡಿಟರೇನಿಯನ್ ಕರಾವಳಿಯ ಉದ್ದಕ್ಕೂ ಓಡಾಡಿದ ಚಿತ್ರಕಾರರ ಕಾಗದಗಳನ್ನು ಓದಿ, ಅವರ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ನನಗೆ ಬೇರೆಯದೇ ಒಂದು ಸಂಗತಿ ಕಾಣುತ್ತದೆ. ಅಷ್ಟು ದೂರ ಬಿಸಿಲು ಹುಡುಕಿಕೊಂಡು ಹೋದವರು ಅಲ್ಲಿ ಜಾಸ್ತಿ ಕಲಿತದ್ದು ನೆರಳನ್ನು. ಇವತ್ತಿನ ಮಾತು ಅದರ ಬಗ್ಗೆಯೇ.

1876ರ ಬೇಸಿಗೆ. ಪಾಲ್ ಸೆಜಾನ್ ಫ್ರಾನ್ಸಿನ ಮಾರ್ಸೇಲ್ ಹತ್ತಿರದ ಲೆಸ್ತಾಕ್ ಎಂಬ ಕಡಲ ಊರಲ್ಲಿದ್ದ. ಅಲ್ಲಿಂದ ತನ್ನ ಹಿರಿಯ ಗೆಳೆಯ ಪಿಸಾರೋಗೆ ಒಂದು ಕಾಗದ ಬರೆದ. ಇಲ್ಲಿ ನೋಟವೆಲ್ಲ ಇಸ್ಪೀಟಿನ ಎಲೆಯ ಹಾಗಿದೆ, ನೀಲಿ ಸಮುದ್ರದ ಮೇಲೆ ಕೆಂಪು ಚಾವಣಿಗಳು ಅಂದ. ಬಿಸಿಲು ಎಷ್ಟು ಜೋರೆಂದರೆ ವಸ್ತುಗಳು ಬರೀ ಆಕಾರವಾಗಿ ಎದ್ದು ಕಾಣುತ್ತವೆ. ಅದೂ ಕಪ್ಪು ಬಿಳುಪಿನಲ್ಲಿ ಮಾತ್ರವಲ್ಲ, ನೀಲಿ, ಕೆಂಪು, ಕಂದು, ನೇರಳೆಯಲ್ಲಿ ಕೂಡ, ಅಂತಲೂ ಸೇರಿಸಿದ.

ಇಸ್ಪೀಟಿನ ಎಲೆ ಅಂದದ್ದು ಸುಮ್ನೆ ಅಲ್ಲ. ಆ ಕಾಲದ ಕಲಾಶಾಲೆಗಳಲ್ಲಿ ಒಂದು ವಸ್ತು ಗುಂಡಗಿದೆ ಅಂತ ತೋರಿಸಬೇಕಾದರೆ ಬೆಳಕಿನಿಂದ ಕತ್ತಲೆಗೆ ಮೆಲ್ಲಗೆ ಇಳಿಯಬೇಕಿತ್ತು. ನಡುವೆ ಕಂದು, ಬೂದು ಛಾಯೆಗಳು. ಸ್ಟುಡಿಯೋದ ಕಿಟಕಿ ಬೆಳಕಿನಲ್ಲಿ ಈ ಪಾಠ ಚೆನ್ನಾಗಿಯೇ ನಡೆಯುತ್ತದೆ. ತೆರೆದ ತೀರದ ಬಿಸಿಲಲ್ಲಿ ಆ ನಡುವಿನ ಛಾಯೆಗಳೇ ಮಾಯ. ಒಂದು ಕಡೆ ಕಣ್ಣು ಕುಕ್ಕುವ ಬೆಳಕು, ಗೆರೆ ಎಳೆದ ಹಾಗೆ ಪಕ್ಕದಲ್ಲೇ ನೆರಳು. ಆ ನೆರಳಿಗೆ ಕಪ್ಪು ಬಳಿದರೆ ಚಿತ್ರದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಹಾಗಾದರೆ ಏನು ಬಳಿಯಬೇಕು?

ಇದಕ್ಕೆ ಉತ್ತರ ಆಕಾಶದಲ್ಲಿದೆ. ನೆರಳು ಬಿದ್ದ ಜಾಗಕ್ಕೆ ಸೂರ್ಯನ ನೇರ ಬೆಳಕು ತಲುಪುವುದಿಲ್ಲ, ನಿಜ. ಆದರೆ ಆಕಾಶದ ಬೆಳಕು ತಲುಪುತ್ತದೆ. ಸೂರ್ಯನ ಬೆಳಕಿನಲ್ಲಿರುವ ನೀಲಿಯನ್ನು ಗಾಳಿಯ ಕಣಗಳು ಹೆಚ್ಚು ಚದುರಿಸುತ್ತವೆ, ಹಾಗಾಗಿ ಆಕಾಶ ನೀಲಿ. ಮೋಡವಿಲ್ಲದ ದಿನ ಇಡೀ ನೀಲಿ ಚಾವಣಿಯೇ ನೆರಳಿನ ಮೇಲೆ ಬೆಳಕು ಸುರಿಯುತ್ತಿರುತ್ತದೆ. ಇನ್ನು ಕೆಳಗೆ ಮರಳಿದೆ. ಅದು ಬಿಸಿಲನ್ನು ಹಳದಿ ಮಾಡಿ ಮೇಲಕ್ಕೆ ಎಸೆಯುತ್ತದೆ. ಇದು ಸಾಲದೆಂಬಂತೆ ನಮ್ಮ ಕಣ್ಣೂ ಒಂದು ಕೈ ಹಾಕುತ್ತದೆ: ಹಳದಿಯ ಪಕ್ಕದಲ್ಲಿಟ್ಟ ಬೂದು ಬಣ್ಣ ತುಸು ನೇರಳೆಯಾಗಿ ಕಾಣುತ್ತದೆ. ಪಕ್ಕಪಕ್ಕದ ಬಣ್ಣಗಳ ಈ ಆಟದ ಬಗ್ಗೆ ಶೆವ್ರೂಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1839ರಲ್ಲೇ ದೊಡ್ಡ ಪುಸ್ತಕ ಬರೆದಿದ್ದ. ಪುಸ್ತಕದಲ್ಲಿ ಓದುವುದು ಒಂದು, ಬಿಸಿಲಲ್ಲಿ ನಿಂತು ಕುಂಚದ ತುದಿಗೆ ಅದೇ ಬಣ್ಣ ತೆಗೆದುಕೊಳ್ಳುವ ಧೈರ್ಯ ಮಾಡುವುದು ಇನ್ನೊಂದು.

ಆ ಧೈರ್ಯ ನೋಡಬೇಕಾದರೆ ಸ್ಪೇನಿನ ಹೊಆಕಿನ್ ಸೊರೋಯಾ 1909ರಲ್ಲಿ ವೆಲೆನ್ಸಿಯಾ ತೀರದಲ್ಲಿ ಬರೆದ ಚಿತ್ರವೊಂದಿದೆ. ಈಗ ಮ್ಯಾಡ್ರಿಡ್‌ನ ಸೊರೋಯಾ ಮ್ಯೂಸಿಯಂನಲ್ಲಿದೆ. ಆತನ ಹೆಂಡತಿ ಕ್ಲೊತಿಲ್ದೆ ಮತ್ತು ಮಗಳು ಮರಿಯಾ ನೀರಿನಂಚಿನಲ್ಲಿ ನಡೆಯುತ್ತಿದ್ದಾರೆ. ಮಗಳ ಕೈಯಲ್ಲಿ ಟೋಪಿ, ತಾಯಿಯ ಕೈಯಲ್ಲಿ ಕೊಡೆ. ಗಾಳಿಗೆ ಬಟ್ಟೆ ಹಾರುತ್ತಿದೆ. ಇಬ್ಬರದೂ ಬಿಳಿ ಉಡುಪು. ಯಾರನ್ನು ಕೇಳಿದರೂ ಬಿಳಿ ಅಂತಲೇ ಹೇಳುತ್ತಾರೆ. ಈಗ ಸ್ವಲ್ಪ ಹತ್ತಿರ ಹೋಗಿ. ಬಿಸಿಲು ನೇರ ಬಿದ್ದ ಕಡೆ ಕೆನೆ ಬಣ್ಣ. ಮಡಿಕೆಯೊಳಗೆ ತಿಳಿ ನೀಲಿ, ನೇರಳೆ. ಇನ್ನೊಂದು ವಿಷಯ, ಈ ಚಿತ್ರದಲ್ಲಿ ಆಕಾಶವೇ ಇಲ್ಲ, ದಿಗಂತದ ಗೆರೆಯೂ ಇಲ್ಲ. ಹಿಂದೆ ಬರೀ ಮರಳು ಮತ್ತು ನೀರು. ಆದರೂ ಅದು ಎಂಥಾ ದಿನ ಅಂತ ಆ ಸೆರಗಿನ ಮಡಿಕೆಗಳನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಬಿಳಿ ಬಟ್ಟೆ ಬರೆಯುವುದರಲ್ಲಿ ಸೊರೋಯಾನನ್ನು ಮೀರಿಸಿದವರು ಯಾರಿದ್ದಾರೋ ನನಗಂತೂ ಕಾಣೆ.

ಇಂಥ ತೀರಕ್ಕೆ ಬಂದವರೆಲ್ಲ ಮೊದಲ ದಿನವೇ ಕುಣಿದಾಡಿದರು ಅಂದುಕೊಳ್ಳಬೇಡಿ. ಕ್ಲೋದ್ ಮೊನೆ 1883ರ ಡಿಸೆಂಬರಿನಲ್ಲಿ ಗೆಳೆಯ ರೆನ್ವಾರ್ ಜೊತೆ ಫ್ರಾನ್ಸ್, ಇಟಲಿಗಳ ಮೆಡಿಟರೇನಿಯನ್ ಕರಾವಳಿಯನ್ನು ಒಂದು ಸುತ್ತು ನೋಡಿಕೊಂಡು ಹೋದ. ಜನವರಿಯಲ್ಲಿ ಮತ್ತೆ ಬಂದ, ಈ ಸಲ ಒಬ್ಬನೇ. ಚಿತ್ರ ಮಾರುವ ವ್ಯಾಪಾರಿಗೆ ಈ ವಿಷಯ ಯಾರಿಗೂ ಹೇಳಬೇಡ ಅಂತ ಬರೆದ. ಸುತ್ತಾಡಲು ಗೆಳೆಯ ಇದ್ದರೆ ಚೆಂದ, ಕೆಲಸಕ್ಕೆ ಒಬ್ಬನೇ ಇರಬೇಕು ಅಂತ ಆತನ ಲೆಕ್ಕ. ಇಟಲಿಯ ಬೋರ್ಡಿಗೇರಾದಲ್ಲಿ ಮೂರು ವಾರ ಇರಲು ಬಂದವನು ಮೂರು ತಿಂಗಳಿನ ಹತ್ತಿರ ಉಳಿದ. ಕಾಗದಗಳ ತುಂಬ ಗೋಳು. ತಾಳೆ ಜಾತಿಯ ಮರಗಳು ತಲೆ ಕೆಡಿಸುತ್ತಿವೆ, ಇಲ್ಲಿಯ ಬೆಳಕು ಬರೆಯಲು ವಜ್ರ ರತ್ನಗಳ ಬಣ್ಣದ ಹಲಗೆ ಬೇಕು ಅಂತೆಲ್ಲ. ನೀಲಿ ಬಣ್ಣಕ್ಕೂ ಗುಲಾಬಿ ಬಣ್ಣಕ್ಕೂ ಶತ್ರುಗಳಾದವರು ಈ ಚಿತ್ರ ನೋಡಿ ಕೂಗಾಡಬಹುದು ಅನ್ನುವ ಅಳುಕೂ ಇತ್ತು. ಆದರೂ ಬರೆಯುತ್ತಲೇ ಹೋದ. 1888ರಲ್ಲಿ ಫ್ರಾನ್ಸಿನ ಕಡಲ ಊರು ಆಂಟೀಬ್‌ಗೆ ಹೋದಾಗಲೂ ಅದೇ ಕಥೆ. ಸೂರ್ಯನ ಜೊತೆ ಕತ್ತಿವರಸೆ ಆಡುತ್ತಿದ್ದೇನೆ ಅಂತ ಶಿಲ್ಪಿ ರೋಡಾನ್‌ಗೆ ಬರೆದ.

ಅದೇ 1888ರ ಬೇಸಿಗೆಯ ಶುರುವಿನಲ್ಲಿ ವ್ಯಾನ್ ಗೋ ಆರ್ಲ್ ಊರಿನಿಂದ ಕೆಲವು ದಿನಗಳ ಮಟ್ಟಿಗೆ ಸೇಂಟ್ ಮರಿ ಎಂಬ ಕಡಲ ತೀರಕ್ಕೆ ಹೋಗಿದ್ದ. ಸಮುದ್ರದ ಬಣ್ಣ ಬಂಗುಡೆ ಮೀನಿನ ಮೈಯ ಹಾಗೆ ಅಂತ ತಮ್ಮ ಥಿಯೋಗೆ ಬರೆದ. ಹಸಿರೋ ನೇರಳೆಯೋ ಗೊತ್ತಾಗುವುದಿಲ್ಲ, ನೀಲಿ ಅನ್ನುವಷ್ಟರಲ್ಲಿ ಗುಲಾಬಿಯಾಗಿರುತ್ತದೆ. ಕಡಲನ್ನು ಅಲ್ಲೇ ತೀರದಲ್ಲಿ ನಿಂತು ಬರೆದ. ಆ ಚಿತ್ರದ ಬಣ್ಣದೊಳಗೆ ಮರಳಿನ ಕಣಗಳು ಇವತ್ತಿಗೂ ಸಿಕ್ಕಿಕೊಂಡಿವೆ. ದೋಣಿಗಳದ್ದು ಬೇರೆ ತೊಂದರೆ. ಮೀನುಗಾರರು ಬೆಳಿಗ್ಗೆ ಬೇಗ ದೋಣಿ ನೀರಿಗಿಳಿಸಿ ಹೊರಟುಬಿಡುತ್ತಿದ್ದರು. ಕುಂಚ ತೆಗೆದು ಕೂರುವಷ್ಟು ಸಮಯ ಎಲ್ಲಿದೆ? ಹಾಗಾಗಿ ಗಡಿಬಿಡಿಯಲ್ಲಿ ರೇಖಾಚಿತ್ರ ಮಾಡಿಕೊಂಡ. ಯಾವ ಭಾಗ ಯಾವ ಬಣ್ಣ ಅಂತ ಅದರ ಮೇಲೇ ಗುರುತು ಹಾಕಿಕೊಂಡ. ಮರಳಿ ಆರ್ಲ್‌ಗೆ ಹೋಗಿ ಎಣ್ಣೆ ಬಣ್ಣದಲ್ಲಿ ಬರೆದ. ಪ್ರವಾಸದಲ್ಲಿ ಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರೂ ಹೇಳಿಲ್ಲ. ಫೋನಿನಲ್ಲಿ ತೆಗೆದ ಫೋಟೋ ಎಷ್ಟೋ ಸಲ ನೆರಳಿನ ಬಣ್ಣವನ್ನು ಬದಲಿಸಿಬಿಡುತ್ತದೆ. ಕಾಗದದ ಅಂಚಿನಲ್ಲಿ "ಇಲ್ಲಿ ನೇರಳೆ" ಅಂತ ಬರೆದುಕೊಂಡ ಎರಡು ಪದ ಹಾಗೆ ಮೋಸ ಮಾಡುವುದಿಲ್ಲ.

ಕೆಲಸದ ಮಾತು ಬಂದದ್ದಕ್ಕೆ ಇನ್ನೊಂದು. ಬಿಸಿಲಲ್ಲಿ ಚಿತ್ರ ಬರೆಯುವಾಗ ಕ್ಯಾನ್ವಾಸಿನ ಮೇಲೆ ಬಿಸಿಲು ಬೀಳಲು ಬಿಡಬಾರದು. ಬಿಸಿಲು ಬಿದ್ದರೆ ಎಲ್ಲ ಬಣ್ಣವೂ ಬೆಳಗುತ್ತದೆ, ನಾವು ಮೋಸಹೋಗಿ ಗಾಢ ಬಣ್ಣ ಹಾಕುತ್ತಾ ಹೋಗುತ್ತೇವೆ. ಕೋಣೆಗೆ ತಂದಿಟ್ಟರೆ ಚಿತ್ರ ಕಪ್ಪಿಟ್ಟಿರುತ್ತದೆ. ಕೊಡೆ ಬೇಕು, ತಲೆಗೂ ಚಿತ್ರಕ್ಕೂ. ಸುತ್ತ ನಿಂತು ನೋಡುವವರ ಕಾಟ ಬೇರೆ. ಚಿತ್ರಕಾರ್ತಿ ಬೆರ್ತ್ ಮೊರಿಸೋ ಇದಕ್ಕೂ ದಾರಿ ಕಂಡುಕೊಂಡಿದ್ದಳು. 1882ರಲ್ಲಿ ಫ್ರಾನ್ಸಿನ ನೀಸ್ ಬಂದರನ್ನು ದೋಣಿಯಲ್ಲಿ ಕೂತೇ ಬರೆದಳು. ಅಲ್ಲಿಗೆ ಯಾರು ಬಂದು ಇಣುಕುತ್ತಾರೆ?

ನೆರಳಿನ ವಿಷಯ ಕೊನೆ ಮುಟ್ಟಿದ್ದು 1905ರ ಬೇಸಿಗೆಯಲ್ಲಿ, ಸ್ಪೇನ್ ಗಡಿಯ ಹತ್ತಿರದ ಕೊಲಿಯೂರ್ ಎಂಬ ಬಂದರಿನಲ್ಲಿ. ಆನ್ರಿ ಮತೀಸ್ ಅಲ್ಲಿದ್ದ, ಜುಲೈನಲ್ಲಿ ಆಂದ್ರೆ ದೆರೇನ್ ಬಂದು ಸೇರಿಕೊಂಡ. ದೆರೇನ್ ಗೆಳೆಯ ವ್ಲಾಮಿಂಕ್‌ಗೆ ಬರೆದ ಕಾಗದದಲ್ಲಿ, ಇಲ್ಲಿ ಬೆಳಕು ಎಷ್ಟು ಬಲವಾಗಿದೆಯೆಂದರೆ ನೆರಳೂ ಹೊಳೆಯುವ ಒಂದು ಲೋಕವೇ ಆಗಿದೆ ಎಂದ. ಮತೀಸ್ ಆಗ ಬರೆದ ತೆರೆದ ಕಿಟಕಿಯ ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಿಟಕಿಯ ಒಂದು ಪಕ್ಕದ ಗೋಡೆ ನೀಲಿ ಬೆರೆತ ಹಸಿರು, ಇನ್ನೊಂದು ಪಕ್ಕ ಕಡು ಗುಲಾಬಿ. ಹೊರಗೆ ನೀರೂ ಗುಲಾಬಿ. ನೆರಳಲ್ಲಿರುವ ಕೋಣೆ ಬಿಸಿಲಿಗಿಂತ ಕಮ್ಮಿ ಇಲ್ಲ ಅನ್ನುವ ಹಾಗೆ ಉರಿಯುತ್ತದೆ. ಆ ಶರತ್ಕಾಲ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜನ ನಕ್ಕರು. ಮೊನೆಯ ಅಳುಕು ಸುಳ್ಳಾಗಿರಲಿಲ್ಲ ನೋಡಿ.

ಮತೀಸ್ ಆಮೇಲೆ 1917ರ ಕೊನೆಗೆ ನೀಸ್‌ಗೆ ಬಂದ. ಬಂದದ್ದೇ ತಡ, ಒಂದು ತಿಂಗಳು ಮಳೆ. ಬೇಸತ್ತು ಹೊರಟುಹೋಗೋಣ ಅಂತ ತೀರ್ಮಾನಿಸಿದ. ಮಾರನೆಯ ದಿನ ಮಿಸ್ತ್ರಾಲ್ ಎಂಬ ಅಲ್ಲಿಯ ಜೋರು ಗಾಳಿ ಬೀಸಿ ಮೋಡವನ್ನೆಲ್ಲ ಓಡಿಸಿತು. ಹೋಗುವುದನ್ನು ಕೈಬಿಟ್ಟ. 1954ರಲ್ಲಿ ತೀರಿಕೊಂಡದ್ದೂ ನೀಸ್‌ನಲ್ಲೇ. ಆ ಮಳೆಯೂ ಒಂದು ಉಪಕಾರ ಮಾಡಿತೇನೋ ಅಂತ ನನಗೆ ಅನುಮಾನ. ಬಿಸಿಲ ಊರಿಗೆ ಬಂದು ಹೋಟೆಲ್ ಕೋಣೆಯಲ್ಲಿ ಕೂತವನು ಕೋಣೆಯನ್ನೇ ನೋಡಿದ. ಮುಂದಿನ ವರ್ಷಗಳಲ್ಲೂ ಕೋಣೆಗಳನ್ನೇ ಬರೆದ. ಅವುಗಳಲ್ಲಿ ಹಲವು ಕಡೆ ಸಮುದ್ರ ಅಂದರೆ ಕಿಟಕಿಯಾಚೆಯ ಒಂದು ನೀಲಿ ಪಟ್ಟಿ, ಅಷ್ಟೇ. ಮಿಕ್ಕ ಜಾಗವೆಲ್ಲ ನೆರಳಿನದು.

ನಮಸ್ಕಾರ.