ರೋಗಿಯ ದಾಖಲೆಯನ್ನು ತೆರೆದವರು ಯಾರು?

ಎಲ್ಲರಿಗೂ ನಮಸ್ಕಾರ.

ಪ್ರಜ್ಞೆ ತಪ್ಪಿದ ಒಬ್ಬರನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಕರೆತಂದಿದ್ದಾರೆ ಅಂದುಕೊಳ್ಳಿ. ಅವರಿಗೆ ಪೆನಿಸಿಲಿನ್ ಆಗಿಬರುವುದಿಲ್ಲ. ಆ ಸಂಗತಿ ಇನ್ನೊಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಎಷ್ಟು ಭದ್ರವೆಂದರೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರ ಕೈಗೂ ಅದು ಸಿಗುವುದಿಲ್ಲ. ಇದನ್ನು ಸುರಕ್ಷತೆ ಎಂದು ನಾನು ಒಪ್ಪುವುದಿಲ್ಲ.

ದಾಖಲೆ ಹಂಚಿಕೊಂಡಷ್ಟೂ ಗುಟ್ಟು ಬಯಲಾಗುತ್ತದೆ ಎಂಬ ಭಯ ಹಲವರಿಗಿದೆ. ಹಂಚಿಕೊಳ್ಳುವ ರೀತಿ ಸರಿಯಿದ್ದರೆ ಆಗುವುದು ಇದಕ್ಕೆ ತಿರುಗುಮುರುಗು. ಹಿಂದೆ ಒಂದು ಅಲರ್ಜಿಯ ವಿಷಯ ತಿಳಿಯಬೇಕೆಂದರೆ ಇಡೀ ಕಡತದ ನಕಲು ಕಳಿಸುತ್ತಿದ್ದರು. ಹತ್ತು ವರ್ಷದ ಹಿಂದಿನ ಮಾನಸಿಕ ಚಿಕಿತ್ಸೆಯ ವಿವರವೂ ಅದರ ಜೊತೆಗೇ ಹೋಗುತ್ತಿತ್ತು. ಆರೋಗ್ಯ ಮಾಹಿತಿ ಹಂಚಿಕೊಳ್ಳುವ ಮಾನದಂಡಗಳನ್ನು ರೂಪಿಸಲೆಂದು 1987ರಲ್ಲಿ ಶುರುವಾದ ಎಚ್‌ಎಲ್‌7 ಸಂಸ್ಥೆ ಮುಂದೆ ರೂಪಿಸಿದ ‘ಫೈರ್’ ಎಂಬ ಮಾನದಂಡದಲ್ಲಿ ರೋಗಿಯ ವಿವರ, ಅಲರ್ಜಿ, ಲ್ಯಾಬ್ ಫಲಿತಾಂಶ ಎಲ್ಲವೂ ಬಿಡಿಬಿಡಿ ಘಟಕಗಳು. ಅಲರ್ಜಿ ಕೇಳಿದವರಿಗೆ ಅಲರ್ಜಿಯನ್ನಷ್ಟೇ ಕೊಡಬಹುದು. ಅನುಮತಿಯನ್ನೂ ಅಷ್ಟಕ್ಕೇ, ಇಷ್ಟು ಹೊತ್ತಿಗೇ ಎಂದು ಮಿತಿಗೊಳಿಸಬಹುದು.

ಇನ್ನೊಂದು ಅಪಾಯದ ಬಗ್ಗೆ ಮಾತಾಡುವವರು ಕಡಿಮೆ. ಒಂದು ಕಡೆಯಿಂದ ರಕ್ತದ ಗ್ಲೂಕೋಸ್ ‘7’ ಎಂದು ಬರುತ್ತದೆ. ಅದು ಲೀಟರಿಗೆ 7 ಮಿಲಿಮೋಲ್ ಆಗಿದ್ದರೆ, ಡೆಸಿಲೀಟರಿಗೆ ಸುಮಾರು 126 ಮಿಲಿಗ್ರಾಂ. ಅಳತೆಯ ಮಾನ ದಾರಿಯಲ್ಲಿ ಕಳೆದುಹೋಗಿ, ಓದುವವರು ಅದನ್ನೇ 7 ಮಿಲಿಗ್ರಾಂ ಎಂದುಕೊಂಡರೆ? ಪ್ರಾಣಕ್ಕೇ ಕುತ್ತು ಬಂದಿದೆ ಎಂದು ಗಾಬರಿಯಿಂದ ಗ್ಲೂಕೋಸ್ ಏರಿಸಲು ಓಡಬೇಕಾಗುತ್ತದೆ. ಇಲ್ಲಿ ಯಾವ ಕಳ್ಳನೂ ಒಳಗೆ ನುಗ್ಗಿಲ್ಲ, ಗೂಢಲಿಪಿ ಮುರಿದಿಲ್ಲ. ಆದರೂ ದಾಖಲೆ ಕೆಟ್ಟಿದೆ. ಅದಕ್ಕೇ ಪರೀಕ್ಷೆಗಳನ್ನು ಗುರುತಿಸಲು ‘ಲೋಯಿಂಕ್’ ಸಂಕೇತಗಳು, ಅಳತೆಗೆ ಏಕರೂಪದ ಮಾನಗಳು ಬೇಕು. ಇವನ್ನು ಬರೀ ತಾಂತ್ರಿಕ ಶಿಸ್ತು ಎಂದು ಬದಿಗಿಡಬೇಡಿ.

ಹೊರಗಿನ ದಾಳಿಯ ಮಾತೂ ಬಂತು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳನ್ನು ಸ್ತಬ್ಧಗೊಳಿಸಿತು. ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತಿದ್ದುಪಡಿ ಕೊಟ್ಟಿತ್ತು. ಅಪ್‌ಡೇಟ್ ಮುಂದೂಡುವುದು ಎಷ್ಟು ದುಬಾರಿ ನೋಡಿ.

ಮತ್ತೆ ಆ ಪ್ರಜ್ಞೆ ತಪ್ಪಿದ ರೋಗಿಯ ಬಳಿಗೆ ಬರೋಣ. ಅವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ. ಇಂಥ ಹೊತ್ತಿಗೆಂದೇ ಹಲವು ವ್ಯವಸ್ಥೆಗಳಲ್ಲಿ ‘ಗಾಜು ಒಡೆಯುವ’ ದಾರಿ ಇದೆ: ವೈದ್ಯರು ಕಾರಣ ನಮೂದಿಸಿ ದಾಖಲೆ ತೆರೆಯುತ್ತಾರೆ, ಯಾರು, ಯಾವಾಗ, ಏಕೆ ತೆರೆದರೆಂಬುದು ಲಾಗ್‌ನಲ್ಲಿ ಉಳಿಯುತ್ತದೆ. ಆ ಲಾಗನ್ನು ಯಾರೂ ಓದದಿದ್ದರೆ ಕುತೂಹಲಕ್ಕೆ ನೆರೆಯವರ ಕಡತ ಇಣುಕುವ ಸಿಬ್ಬಂದಿಗೆ ಹೆದರಿಕೆ ಎಲ್ಲಿಂದ ಬರಬೇಕು? ಭದ್ರತಾ ವಿಭಾಗ ಓದಲಿ, ಸರಿ. ಆದರೆ ಅದನ್ನು ಓದುವ ಮೊದಲ ಹಕ್ಕು ರೋಗಿಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದು ಆಗದ ಮಾತೇನಲ್ಲ. ಎಸ್ಟೋನಿಯಾದಲ್ಲಿ ರೋಗಿಯು ರಾಷ್ಟ್ರೀಯ ಆರೋಗ್ಯ ಪೋರ್ಟಲ್‌ಗೆ ಲಾಗಿನ್ ಆಗಿ, ತನ್ನ ದಾಖಲೆಯನ್ನು ಯಾರು ಯಾವಾಗ ನೋಡಿದರೆಂದು ತಾನೇ ಓದಿಕೊಳ್ಳಬಹುದು.