ಕಾರು ಓಡಿದ್ದು ಕಮ್ಮಿ, ಹಾಗಂತ ಸರ್ವಿಸ್ ಬೇಡ್ವಾ?

ಎಲ್ರಿಗೂ ನಮಸ್ಕಾರ. ಇವತ್ತಿನ ವಿಡಿಯೋ ಕಾರಿನ ಹುಚ್ಚು ಇರೋರಿಗೆ. ಅಂದ್ರೆ ವಾರಕ್ಕೊಂದ್ಸಲ ತೊಳ್ದು, ವ್ಯಾಕ್ಸ್ ಹಚ್ಚಿ, ಕವರ್ ಹೊದಿಸಿ ನಿಲ್ಸಿ, ಆಮೇಲೆ ಮಲಗೋಕ್ ಮುಂಚೆ ಇನ್ನೊಂದ್ಸಲ ಹೋಗಿ ಕಣ್ತುಂಬ ನೋಡ್ಕೊಂಡು ಬರ್ತಾರಲ್ಲ, ಅವ್ರಿಗೆ. ಇಂಥ ಕಾರುಗಳ ಮೀಟರ್ ನೋಡಿದ್ರೆ ವರ್ಷಕ್ಕೆ ಎರಡ್ಮೂರು ಸಾವಿರ ಕಿಲೋಮೀಟರ್ ಓಡಿದ್ರೆ ಹೆಚ್ಚು. ಸರ್ವಿಸ್ ಯಾವಾಗ ಅಂತ ಕೇಳಿದ್ರೆ "ಇನ್ನೂ ಹತ್ತು ಸಾವಿರ ಆಗಿಲ್ವಲ್ಲ" ಅಂತಾರೆ.

ಎಡವಟ್ಟು ಆಗೋದೇ ಇಲ್ಲಿ ನೋಡಿ. ಮ್ಯಾನ್ಯುಯಲ್ ತೆಗ್ದು ಸರ್ವಿಸ್ ಪೇಜ್ ಓದಿ, ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವ್ದು ಮೊದ್ಲು ಬರುತ್ತೋ ಅದು ಅಂತ ಇರುತ್ತೆ. ನಾವು ಕಿಲೋಮೀಟರ್ ತನಕ ಓದಿ ಪುಸ್ತಕ ಮುಚ್ತೀವಿ. ನಿಮ್ಮದು ಕಮ್ಮಿ ಓಡೋ ಗಾಡಿ ಆದ್ರೆ ನಿಮಗೆ ಲೆಕ್ಕಕ್ಕೆ ಬರೋದು ಆ ಎರಡ್ನೇ ಅರ್ಧ, ಯಾಕಂದ್ರೆ ನಿಂತಿರೋ ಕಾರಲ್ಲೂ ರಬ್ಬರು, ಆಯಿಲ್ಲು, ಬ್ಯಾಟರಿ ಎಲ್ಲಕ್ಕೂ ವಯಸ್ಸಾಗ್ತಾನೇ ಇರುತ್ತೆ.

[ಸ್ಕ್ರೀನ್ ಮೇಲೆ: ಡಿಪ್‌ಸ್ಟಿಕ್ ಹೊರಗೆ ತೆಗೀತಿರೋ ಕ್ಲೋಸಪ್]

ಮೊದ್ಲು ಇಂಜಿನ್ ಆಯಿಲ್. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹತ್ರ ಹತ್ರ ಒಂದು ಲೀಟರ್ ನೀರು ಹುಟ್ಟುತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಬಹುಪಾಲು ಆವಿಯಾಗಿ ಸೈಲೆನ್ಸರ್ ಕಡೆಯಿಂದ ಹೊರಗೆ ಹೋಗುತ್ತೆ, ಆದ್ರೆ ಸ್ವಲ್ಪ ಆವಿ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಇರೋ ಜಾಗಕ್ಕೆ ಇಳಿಯುತ್ತೆ, ಅದರ ಜೊತೆ ಉರೀದೆ ಉಳ್ದಿರೋ ಒಂಚೂರು ಪೆಟ್ರೋಲೂ ಸೇರ್ಕೊಳ್ಳುತ್ತೆ. ಲಾಂಗ್ ಡ್ರೈವ್ ಮಾಡಿದ್ರೆ ಆಯಿಲ್ ಚೆನ್ನಾಗಿ ಕಾದು ಇದೆಲ್ಲ ಆವಿ ಆಗ್ಬಿಡುತ್ತೆ. ಎರಡು ಕಿಲೋಮೀಟರ್ ಹೋಗಿ ವಾಪಸ್ ಬಂದ್ರೆ ಆಗಲ್ಲ, ಅಲ್ಲೇ ಉಳಿಯುತ್ತೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂತಲ್ಲ ಅಂತ ನೀವು ಹೇಳ್ಬಹುದು, ಆದ್ರೆ ಅದು ತೋರ್ಸೋದು ಕೂಲೆಂಟ್ ಬಿಸಿನ, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವದ ಬಿಸಿನ, ಆಯಿಲ್ ಕಾಯೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಆಯಿಲ್ ಹಾಕೋ ಮುಚ್ಚಳ ತೆಗ್ದು ಅದರ ಒಳಗಡೆ ನೋಡಿ. ಬಿಳಿ-ಹಳದಿ ಬಣ್ಣದ ಲೋಳೆ ಅಂಟ್ಕೊಂಡಿದ್ರೆ ಅದು ಆಯಿಲ್ ಜೊತೆ ನೀರು ಕಲ್ತಿರೋದು. ಬರೀ ಮುಚ್ಚಳದಲ್ಲಿ ಮಾತ್ರ ಇದ್ದು, ಕೂಲೆಂಟ್ ಲೆವೆಲ್ ಸರಿಯಾಗಿದ್ರೆ ಗಾಬರಿ ಬೇಡ, ಗಾಡಿ ಕಮ್ಮಿ ಓಡ್ತಿದೆ ಅಂತ ಅರ್ಥ. ಕೂಲೆಂಟೂ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್‌ನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಮಧ್ಯೆ ಇರೋ ಸೀಲು, ಚೆಕ್ ಮಾಡಿಸ್ಲೇಬೇಕು, ಅದರಲ್ಲಿ ತಡ ಮಾಡೋ ಹಾಗಿಲ್ಲ.

ಈಗ ಬರೋ ಮಾತಿಗೆ ಸ್ವಲ್ಪ ಜನ ಜಗಳಕ್ಕೆ ಬರ್ತಾರೆ ಅಂತ ಗೊತ್ತು 😄 ವಾರಕ್ಕೊಂದ್ಸಲ ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಂತಲ್ಲೇ ಓಡಿಸಿ ಆಫ್ ಮಾಡ್ತೀರಲ್ಲ, ಅದನ್ನ ದಯವಿಟ್ಟು ನಿಲ್ಸಿ. ಸ್ಟಾರ್ಟರ್ ಮೋಟಾರ್ ಬ್ಯಾಟರಿಯಿಂದ ಎಳ್ಕೊಂಡಿದ್ದು ಐದು ನಿಮಿಷದ ಐಡಲಿಂಗ್‌ನಲ್ಲಿ ಪೂರ್ತಿ ವಾಪಸ್ ಬರೋದು ಡೌಟು, ತಣ್ಣಗಿರೋ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗೋದ್ರಿಂದ ಆಯಿಲ್ ತೆಳ್ಳಗಾಗುತ್ತೆ, ಸೈಲೆನ್ಸರ್ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತೆ, ಲಾಭ ಏನು ಅಂದ್ರೆ ನಿಮ್ಮ ಮನಸ್ಸಿಗೆ ಸಮಾಧಾನ ಅಷ್ಟೇ. ಸ್ಟಾರ್ಟ್ ಮಾಡಿದ್ರೆ ಅರ್ಧ ಗಂಟೆ ಓಡ್ಸಿ. ಆಗಲ್ವಾ, ಸ್ಟಾರ್ಟೇ ಮಾಡ್ಬೇಡಿ, ಬ್ಯಾಟರಿಗೆ ಚಾರ್ಜರ್ ಹಾಕಿಡಿ.

ಅಂದ್ಹಾಗೆ ಆಯಿಲ್ ಲೆವೆಲ್ ಚೆಕ್ ಮಾಡುವಾಗ ಗಾಡಿ ಸಮ ಜಾಗದಲ್ಲಿರಲಿ, ಇಂಜಿನ್ ಆಫ್ ಮಾಡಿ ಒಂದೈದು ನಿಮಿಷ ಬಿಡಿ, ಡಿಪ್‌ಸ್ಟಿಕ್ ಕಡ್ಡಿ ಒರೆಸಿ ಮತ್ತೆ ಹಾಕಿ ತೆಗೀರಿ. ಮಿನಿಮಮ್ ಮ್ಯಾಕ್ಸಿಮಮ್ ಗೆರೆ ಮಧ್ಯ ಇದ್ರೆ ಸಾಕು. "ಇರಲಿ ಸ್ವಲ್ಪ ಜಾಸ್ತಿ" ಅಂತ ಮ್ಯಾಕ್ಸ್ ಮೇಲೆ ತುಂಬ್ಬೇಡಿ, ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್‌ಶಾಫ್ಟ್ ಅನ್ನೋ ದಂಡ ತಿರುಗುವಾಗ ಆಯಿಲ್‌ಗೆ ಬಡಿದು ನೊರೆ ಬರುತ್ತೆ, ನೊರೆ ಆಯಿಲ್ ಬೇರಿಂಗ್ ಕಾಯಲ್ಲ. ಗ್ರೇಡ್, ಅಂದ್ರೆ ಆಯಿಲ್ ಎಷ್ಟು ದಪ್ಪ ಅನ್ನೋ ಗುರುತು, 5ಡಬ್ಲ್ಯೂ-30 ಅಂತ ಮ್ಯಾನ್ಯುಯಲ್ ಹೇಳಿದ್ರೆ ಅದೇ ಹಾಕಿ, ಫ್ರೆಂಡ್ ಹೇಳ್ದ ಅಂತ ದಪ್ಪ ಆಯಿಲ್ ಹಾಕೋ ಪ್ರಯೋಗ ಬೇಡ.

[ಸ್ಕ್ರೀನ್ ಮೇಲೆ: ಬ್ರೇಕ್ ಫ್ಲೂಯಿಡ್ ಡಬ್ಬಿ]

ಈಗ ಬ್ರೇಕ್ ಫ್ಲೂಯಿಡ್, ಅಂದ್ರೆ ಪೆಡಲ್ ಒತ್ತಿದ ಬಲನ ಚಕ್ರದ ಬ್ರೇಕ್ ತನಕ ತಲುಪ್ಸೋ ದ್ರವ. ನನ್ನ ಪ್ರಕಾರ ಕಾರ್ ಹುಚ್ಚರೂ ಸಹ ಪಕ್ಕಾ ಮರೆಯೋ ಐಟಂ ಇದು. ಅಲಾಯ್ ವೀಲ್, ಎಕ್ಸಾಸ್ಟ್, ಸೀಟ್ ಕವರ್ ಎಲ್ಲ ಬದಲಾಗಿರುತ್ತೆ, ಬ್ರೇಕ್ ಫ್ಲೂಯಿಡ್ ಮಾತ್ರ ಶೋರೂಮ್‌ನಿಂದ ಬಂದಿದ್ದೇ ಇರುತ್ತೆ. ಡಾಟ್ 3, ಡಾಟ್ 4, ಡಾಟ್ 5.1 ಅಂತ ಈ ಫ್ಲೂಯಿಡ್‌ನ ಗ್ರೇಡ್ ಇರ್ತವೆ, ಈ ಮೂರೂ ಗಾಳಿಯಲ್ಲಿರೋ ತೇವ ಎಳ್ಕೊಳ್ಳೋ ಜಾತಿ, ಮಳೆಗಾಲದಲ್ಲಿ ಉಪ್ಪು ನೀರೊಡೆಯೋ ಹಾಗೆ. ಎಲ್ಲ ಟೈಟಾಗಿ ಮುಚ್ಚಿದ್ರೂ ರಬ್ಬರ್ ಹೋಸ್ ಮೂಲಕ ನಿಧಾನಕ್ಕೆ ತೇವ ಒಳಗೆ ಸೇರುತ್ತೆ, ಗಾಡಿ ಓಡಿದ್ರೂ ಸೈ ನಿಂತಿದ್ರೂ ಸೈ.

ಸೇರಿದ್ರೆ ಏನಾಯ್ತು ಈಗ? ಹೊಸ ಡಾಟ್ 4 ಕುದಿಯೋದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದೇ ಶೇಕಡಾ 3.7ರಷ್ಟು ನೀರು ಸೇರ್ಕೊಂಡ್ರೆ ಸ್ಟ್ಯಾಂಡರ್ಡ್ ಪ್ರಕಾರ ಆ ಲಿಮಿಟ್ 155ಕ್ಕೆ ಇಳಿಯುತ್ತೆ. ಉದ್ದ ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಒತ್ತಿ ಕ್ಯಾಲಿಪರ್ (ಚಕ್ರದ ಹತ್ರ ಪ್ಯಾಡ್ ಒತ್ತೋ ಭಾಗ) ಕಾದಾಗ ಒಳಗಿರೋ ಫ್ಲೂಯಿಡ್ ಕುದ್ದು ಆವಿ ಗುಳ್ಳೆ ಆಗುತ್ತೆ. ದ್ರವ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ, ಹಾಗಾಗಿ ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತೆ ಆದ್ರೆ ಗಾಡಿ ನಿಲ್ಲಲ್ಲ. ಭಯಾನಕ ಏನು ಅಂದ್ರೆ ಅಲ್ಲಿ ತನಕ ದಿನಾ ಮಾಡೋ ಡ್ರೈವಿಂಗ್‌ನಲ್ಲಿ ಪೆಡಲ್ ಪರ್ಫೆಕ್ಟಾಗೇ ಇರುತ್ತೆ, ಒಂದು ಸೂಚನೇನೂ ಕೊಡಲ್ಲ. ಜಾಸ್ತಿ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನೋದು ಇದಕ್ಕೇ. ಇನ್ನೊಂದು, ಡಬ್ಬಿಯಲ್ಲಿ ಲೆವೆಲ್ ಇಳ್ದಿದೆ ಅಂತ ಸುಮ್ನೆ ಟಾಪ್ ಅಪ್ ಮಾಡ್ಬೇಡಿ, ಪ್ಯಾಡ್ ಸವೆದಾಗ ಲೆವೆಲ್ ತಾನಾಗೇ ಇಳಿಯುತ್ತೆ, ಅಥವಾ ಎಲ್ಲಾದ್ರೂ ಲೀಕ್ ಇರ್ಬಹುದು, ಮೊದ್ಲು ಅದು ಯಾವ್ದು ಅಂತ ನೋಡಿ. ಮತ್ತೆ ಅರ್ಧ ಖಾಲಿಯಾಗಿ ಶೆಲ್ಫ್ ಮೇಲೆ ಕೂತಿರೋ ಹಳೇ ಬಾಟಲಿ ಇದ್ರೆ ಎಸೀರಿ, ಅದೂ ನೀರು ಕುಡ್ದಿರುತ್ತೆ.

ಟೈರ್ ವಿಷ್ಯಕ್ಕೆ ಬಂದ್ರೆ, ಕಮ್ಮಿ ಓಡೋ ಗಾಡಿಯಲ್ಲಿ ಬಟನ್ (ರಸ್ತೆಗೆ ತಾಗೋ ಗೆರೆಗಳು) ತುಂಬಾ ಇರುತ್ತೆ, ನೋಡೋಕೆ ಹೊಸ ಟೈರೇ. ಆದ್ರೆ ಸೈಡ್‌ವಾಲ್, ಅಂದ್ರೆ ಟೈರ್ ಪಕ್ಕದ ಗೋಡೆ ಮೇಲೆ DOT ಅಂತ ಶುರುವಾಗೋ ಕೋಡ್ ಕೊನೆಗೆ ನಾಲ್ಕು ಅಂಕಿ ಇರುತ್ತೆ, 2318 ಅಂತ ಇದ್ರೆ 2018ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು. ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಂದ್ಸಲ ಗೊತ್ತಿರೋರ ಹತ್ರ ಚೆಕ್ ಮಾಡಿಸಿ, ತಯಾರಾಗಿ ಹತ್ತು ವರ್ಷ ಆಗಿದ್ರೆ ಬಟನ್ ಎಷ್ಟೇ ಇರಲಿ ತೆಗೀರಿ ಅಂತ ಮಿಶೆಲಿನ್ ಹೇಳುತ್ತೆ, ಅದರಲ್ಲಿ ಸ್ಟೆಪ್ನಿನೂ ಬಂತು. ಸ್ಟೆಪ್ನಿ ಡಿಕ್ಕಿಯಲ್ಲೇ ಮಲಗಿ ಮಲಗಿ ಮುದುಕ ಆಗಿರುತ್ತೆ ಪಾಪ. ಗಾಳಿ ಎಷ್ಟು ಅನ್ನೋದು ಡ್ರೈವರ್ ಡೋರ್ ಹತ್ರ ಇರೋ ಸ್ಟಿಕರ್ ನೋಡಿ ಹಾಕ್ಬೇಕು, ಟೈರ್ ಮೇಲೆ ಬರ್ದಿರೋದು ಅದು ತಡ್ಕೊಳ್ಳೋ ಗರಿಷ್ಠ ಮಿತಿ. ಟೈರ್ ತಣ್ಣಗಿರುವಾಗ ಚೆಕ್ ಮಾಡಿ, ಸುಮ್ನೆ ನಿಂತಿದ್ರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುತ್ತೆ.

ಬ್ಯಾಟರಿ. ಗಾಡಿ ಲಾಕ್ ಮಾಡಿದ್ಮೇಲೂ ಅಲಾರಂ, ಕೀ ರಿಸೀವರ್, ಗಡಿಯಾರ ಇವೆಲ್ಲ ಕರೆಂಟ್ ತಿಂತಾನೇ ಇರ್ತವೆ. 50 ಮಿಲಿಆಂಪ್ ಅಂತ ಇಟ್ಕೊಳ್ಳಿ, ದಿನಕ್ಕೆ 1.2 ಆಂಪಿಯರ್ ಅವರ್ ಆಯ್ತು, 45 ಆಂಪಿಯರ್ ಅವರ್ ಬ್ಯಾಟರಿ ಮೂರು ವಾರದೊಳಗೆ ಅರ್ಧ ಖಾಲಿ. ಅರ್ಧ ಖಾಲಿಯಾಗಿ ಹಾಗೇ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಮೊದಲಿನ ಹಾಗೆ ಆಗಲ್ಲ. ಒಂದು ಸಾದಾ ಮಲ್ಟಿಮೀಟರ್ ಇಟ್ಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ರೆ ಫುಲ್, 12.2ಕ್ಕೆ ಬಂದಿದ್ರೆ ಅರ್ಧ. ಇಂಜಿನ್ ಓಡುವಾಗ 14ರ ಆಸುಪಾಸು ಇದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕೆಲಸ ಮಾಡ್ತಿದೆ. ಕೆಲವು ಹೊಸ ಕಾರಲ್ಲಿ ಆಲ್ಟರ್ನೇಟರನ್ನ ಕಂಪ್ಯೂಟರೇ ಮೇಲೆ ಕೆಳಗೆ ಮಾಡುತ್ತೆ, ಹಾಗಾಗಿ ಒಂದ್ಸಲ ಕಮ್ಮಿ ಬಂತು ಅಂತ ಹೊಸದು ಆರ್ಡರ್ ಮಾಡ್ಬೇಡಿ.

ಕೂಲೆಂಟ್ ಚಿಕ್ಕದಾಗಿ ಹೇಳ್ತೀನಿ, ಬಣ್ಣ ನೋಡಿ ಮಿಕ್ಸ್ ಮಾಡ್ಬೇಡಿ, ಬಣ್ಣಕ್ಕೆ ಯಾವ ರೂಲ್ಸೂ ಇಲ್ಲ, ಸ್ಪೆಸಿಫಿಕೇಶನ್ ನೋಡಿ. ತುಕ್ಕು ತಡೆಯೋ ಕೆಮಿಕಲ್ಸ್ ವರ್ಷ ಕಳೆದ ಹಾಗೆ ಮುಗೀತವೆ. ಇಂಜಿನ್ ಬಿಸಿ ಇದ್ದಾಗ ಮುಚ್ಚಳ ಮುಟ್ಲೇಬೇಡಿ, ಮುಖ ಸುಡುತ್ತೆ.

ಟೈಮಿಂಗ್ ಬೆಲ್ಟ್ (ಪಿಸ್ಟನ್ನು, ವಾಲ್ವು ಸರಿಯಾದ ಹೊತ್ತಿಗೆ ಜೊತೆಯಾಗಿ ಓಡೋ ಹಾಗೆ ಮಾಡೋ ಬೆಲ್ಟ್) ಇರೋ ಇಂಜಿನ್ ಆದ್ರೆ ಇದನ್ನ ಎರಡ್ಸಲ ಕೇಳಿ. ಅದು ರಬ್ಬರು, ಅದಕ್ಕೂ ವರ್ಷದ ಲೆಕ್ಕ ಇದೆ. ತುಂಬಾ ಇಂಜಿನ್‌ಗಳಲ್ಲಿ ಓಡುವಾಗ ಬೆಲ್ಟ್ ಕಟ್ ಆದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತೆ, ಅಲ್ಲಿಗೆ ಇಂಜಿನ್ ಬಿಚ್ಚಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ಬೆಲ್ಟ್ ಬದಲಾಯಿಸಿದ ರೆಕಾರ್ಡ್ ಸಿಗ್ಲಿಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಲೇ ತಿಳ್ಕೊಳ್ಳಿ.

ಹುಚ್ಚು ಜಾಸ್ತಿ ಆದ್ರೆ ಉಲ್ಟಾನೂ ಆಗುತ್ತೆ, ಬೇಡದ್ದೆಲ್ಲ ಮಾಡ್ಸೋದು. ಪ್ರತಿ ಸರ್ವಿಸ್‌ಗೂ ಇಂಜಿನ್ ಒಳಗೆ ತೊಳೆಯೋ ಇಂಜಿನ್ ಫ್ಲಶ್, ಆ ಅಡಿಟಿವ್, ಈ ಅಡಿಟಿವ್. ಟೈಮ್‌ಗೆ ಆಯಿಲ್ ಬದಲಾಯಿಸೋರಿಗೆ ಇದ್ಯಾವ್ದೂ ಬೇಡ. ಏರ್ ಫಿಲ್ಟರ್ ಸ್ವಲ್ಪ ಕೊಳೆಯಾದ್ರೆ ಮೈಲೇಜ್ ಬಿದ್ದೋಗುತ್ತೆ ಅಂತಾರಲ್ಲ, ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ಟೆಸ್ಟ್ ಮಾಡಿದಾಗ ಫ್ಯುಯೆಲ್ ಇಂಜೆಕ್ಷನ್ ಇರೋ ಹೊಸ ಕಾರುಗಳಲ್ಲಿ ಮೈಲೇಜ್‌ಗೆ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ, ಪಿಕಪ್ ಮಾತ್ರ ಕಮ್ಮಿ ಆಯ್ತು. ಆದ್ರೂ ಫಿಲ್ಟರ್ ಬಾಕ್ಸ್ ಆಗಾಗ ತೆಗ್ದು ನೋಡಿ, ಮೈಲೇಜ್‌ಗಲ್ಲ, ನಿಂತ ಗಾಡಿಯಲ್ಲಿ ಇಲಿ ಅಲ್ಲೇ ಸಂಸಾರ ಹೂಡೋದು 😅

ಇನ್ನೊಂದ್ ಕಡೆ "ಲೈಫ್‌ಟೈಮ್" ಗೇರ್‌ಬಾಕ್ಸ್ ಆಯಿಲ್ ಅನ್ನೋ ಮಾತನ್ನ ನಾನು ಒಪ್ಪಲ್ಲ. ಎಷ್ಟೋ ಕಾರ್ ಕಂಪನಿಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡ್ಕೊಡೋ ಝಡ್‌ಎಫ್ ಕಂಪನಿನೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ 8 ವರ್ಷಕ್ಕೆ ಬದಲಾಯಿಸಿ ಅನ್ನುತ್ತೆ. ನೋಡಿ, ಅಲ್ಲೂ ವರ್ಷದ ಲೆಕ್ಕ ಬಂತು.

ತಿಂಗಳುಗಟ್ಲೆ ನಿಲ್ಸೋದಾದ್ರೆ ಹ್ಯಾಂಡ್‌ಬ್ರೇಕ್ ಎಳೆದಿಡ್ಬೇಡಿ, ಪ್ಯಾಡ್ ಅಂಟ್ಕೊಳ್ಳುತ್ತೆ. ಸಮ ಜಾಗದಲ್ಲಿ ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡ ಏನಾದ್ರೂ ಕೊಡಿ. ಆಟೋಮ್ಯಾಟಿಕ್ ಆದ್ರೆ ಪಾರ್ಕ್‌ನಲ್ಲಿಡಿ, ಅಡ್ಡ ಕೊಡೋದು ಅದಕ್ಕೂ ಸೇರಿ.

ಕಡೇದಾಗಿ ಫೋನಲ್ಲಿ ಒಂದು ನೋಟ್ ಓಪನ್ ಮಾಡಿ, ಯಾವ ಕೆಲಸ ಆಯ್ತು, ಯಾವ ತಾರೀಕು, ಮೀಟರ್ ಎಷ್ಟು, ಯಾವ ಗ್ರೇಡ್ ಹಾಕಿದ್ರು, ಇಷ್ಟೇ. ಬ್ರೇಕ್ ಫ್ಲೂಯಿಡ್ ಕೊನೇ ಸಲ ಯಾವಾಗ ಬದಲಾಯಿಸಿದ್ದು ಅಂತ ಈಗ್ಲೇ ನೋಡಿ ಕಾಮೆಂಟಲ್ಲಿ ಹಾಕಿ, ಗೊತ್ತಿಲ್ಲ ಅಂದ್ರೆ "ಗೊತ್ತಿಲ್ಲ" ಅಂತಲೇ ಹಾಕಿ, ಎಷ್ಟು ಜನ ಇದೀರ ನೋಡೋಣ. ಮುಂದಿನ ವಿಡಿಯೋದಲ್ಲಿ ಬ್ರೇಕ್ ಬ್ಲೀಡಿಂಗ್, ಅಂದ್ರೆ ಹಳೇ ಫ್ಲೂಯಿಡ್ಡು, ಗಾಳಿ ಹೊರಗೆ ತೆಗೆಯೋದು ಹೇಗೆ ಮಾಡ್ತಾರೆ ಅಂತ ಪೂರ್ತಿ ತೋರಿಸ್ತೀನಿ.